ಫ್ಲೆಕ್ಸಿನಲ್ಲಿ ನಿಂತ ಸೋದರಮಾವ

ಉತ್ತಮಪಾಳಯದ ತಂಗವೇಲ್ ಬಾಳೆತೋಟದ ಕೆಲಸಕ್ಕೆ ಹುಟ್ಟಿದವನೇ ಹೊರತು ಯಜಮಾನಿಕೆಗಲ್ಲ. ಮನೆಯಲ್ಲಿ ಹೆಂಡತಿ ರಂಗಮ್ಮಾಳ್ ಹಾಕಿದ ಗೆರೆ ದಾಟಿದವನಲ್ಲ. ಕೋಳಿ ಓಡಿಸುವಾಗಲೂ ಅದರ ಮನಸ್ಸು ನೋಯದ ಹಾಗೆ ‘ಹುಶ್’ ಎನ್ನುವವನು. ಕೆಲವು ವರ್ಷದ ಹಿಂದೆ ಟಿ.ವಿ. ಧಾರಾವಾಹಿಯವರು ಕಾಲುವೆ ದಂಡೆಯ ಆಲದ ಮರದಡಿ ಪಂಚಾಯ್ತಿ ದೃಶ್ಯ ತೆಗೆಯಲು ಬಂದರು. ಊರ ಯಜಮಾನನ ಪಾರ್ಟಿನವನಿಗೆ ಹೊಟ್ಟೆ ಕೆಟ್ಟಿತು. ನೋಡುತ್ತ ನಿಂತಿದ್ದ ತಂಗವೇಲ್‌ನ ಮೇಲ್ತುಟಿಗೆ ಅಂಟು ಬಳಿದು, ಪೊರಕೆಯಂಥ ಮೀಸೆ ಒತ್ತಿ, ಭುಜಕ್ಕೆ ರೇಷ್ಮೆ ಶಲ್ಯ ಹೊದಿಸಿ ಕೂರಿಸಿದರು. ದನಿಯೂ ಅವನದಲ್ಲ, ಚೆನ್ನೈಯಲ್ಲಿ ಯಾರೋ ಗಡಸು ಗಂಟಲಿನವನು ಆಮೇಲೆ ತುಂಬಿದ.

ಆವತ್ತಿನಿಂದ ಕಂಬಂ ಕಣಿವೆಯಲ್ಲಿ ಯಾರು ಕ್ಯಾಮರಾ ಇಟ್ಟರೂ ಮರದಡಿಯ ಯಜಮಾನ ಇವನೇ. ಬರಬರುತ್ತ ಊರವರೂ ನೀರಿನ ಸರದಿ, ಬದುವಿನ ಜಗಳ ಹೊತ್ತು ಇವನ ಬಾಗಿಲಿಗೆ ಬಂದರು. ಬರಿ ಮುಖದಲ್ಲಿ ಹೇಳಿದ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಮೀಸೆ ಅಂಟಿಸಿಕೊಂಡು ಅದನ್ನೇ ಹೇಳಿದರೆ ಕೈಮುಗಿದು ಒಪ್ಪುತ್ತಿದ್ದರು. ಹೊರಗೆ ಮಳೆ ಬರುತ್ತಿದೆಯೇ ಎಂದು ಫೋನಿನಲ್ಲಿ ನೋಡಿಕೊಳ್ಳುವ ನಮ್ಮಂಥವರು ಇದಕ್ಕೆ ನಗುವಂತಿಲ್ಲ.

ಕಷ್ಟ ಬಂದದ್ದು ಪಕ್ಕದ ಮನೆಯ ಅಮುದಾಳ ಮಗುವಿಗೆ ಕಿವಿ ಚುಚ್ಚುವಾಗ. ಸೋದರಮಾವನ ಮಡಿಲಲ್ಲಿ ಕೂರಿಸಿಯೇ ಚುಚ್ಚಬೇಕು. ಮಾವ ಬರದಿದ್ದರೆ ಸೂಜಿ ಡಬ್ಬಿಯಲ್ಲೇ. ಸಂಭ್ರಮದ ಫ್ಲೆಕ್ಸ್ ಮಾಡಿಸಲು ಅವಳ ಗಂಡ ಮನೋಜ್‌ಕುಮಾರ್ ತೇನಿಗೆ ಹೋದ. ಅಮುದಾಳ ಅಣ್ಣ ಮುತ್ತುಕುಮಾರ್ ಕಳಿಸಿದ್ದು ಕಣ್ಣು ಅರ್ಧ ಮುಚ್ಚಿದ ಪಾಸ್‌ಪೋರ್ಟ್ ಫೋಟೊ. ಅದರಲ್ಲಿ ಗತ್ತಿಲ್ಲವೆಂದು ಮನೋಜ್‌ಕುಮಾರ್ ಅದನ್ನು ಮೂಲೆಯಲ್ಲಿ ಬೆಂಕಿಪೊಟ್ಟಣದಷ್ಟು ಹಾಕಿಸಿದ. ಸೋದರಮಾವ ನಿಲ್ಲಬೇಕಾದ ಜಾಗದಲ್ಲಿ ಆಳೆತ್ತರಕ್ಕೆ ನಿಂತವನು ಶಲ್ಯ ಹೊದ್ದ, ಮೀಸೆಯ ತಂಗವೇಲ್.

ಫ್ಲೆಕ್ಸ್ ಕಟ್ಟುವ ಮೊದಲೇ ಅದರ ಚಿತ್ರ ಹನುಮಂತನಪಟ್ಟಿಯಲ್ಲಿದ್ದ ಮುತ್ತುಕುಮಾರನ ಫೋನು ಮುಟ್ಟಿತು. ಅವನು ತಂಗಿಗೆ ಒಂದೇ ಮಾತು ಹೇಳಿದ: “ಬ್ಯಾನರ್‌ನಾಗ ನಿಂತವ್ನೇ ಕೂಸ್ನ ಮಡಿಲ್ನಾಗ ಕೂರಿಸ್ಕಳ್ಳಿ, ಪೋ.”

ಕಿವಿ ಚುಚ್ಚುವುದು ಮರುದಿನ ಬೆಳಿಗ್ಗೆ. ಅಮುದಾ ಅಳುತ್ತ ತಂಗವೇಲನ ಬಾಗಿಲಿಗೆ ಬಂದು ನಿಂತಳು. “ದೊಡ್ಡಪ್ಪಾ, ನೀನೇ ಕರ್ಕಂಡು ಬಾ. ಅಣ್ಣ ಬರ್ದಿದ್ರೆ ನನ್ ಪಾಪಗೆ ಇನ್ಯಾರವ್ರೆ?”

“ಮೀಸೆ ಹಾಕ್ಕಂಡು ಹೋಗಿ ಮಾಮಾ,” ಎಂದ ಮನೋಜ್‌ಕುಮಾರ್. “ಬರೀ ಮುಖಕ್ಕೆ ನಮ್ ಮಚ್ಚಾನ್ ಮುತ್ತುಕುಮಾರ್ ಕಾಪಿ ಕೂಡ ಕೊಡಾಕಿಲ್ಲ.”

“ನಂಗೇ ಕೊಡಾಕಿಲ್ಲ ಕಣೋ ಈ ಮನೇನಾಗ,” ಎಂದು ತಂಗವೇಲ್ ಗೊಣಗಿದ. ಒಳಗಿನಿಂದ ರಂಗಮ್ಮಾಳ್ ಕೆಮ್ಮಿದಳು. ಅವನು ಬೇಗ ಅಂಟಿನ ಬಾಟಲಿ ಹುಡುಕಿದ.

ಹನುಮಂತನಪಟ್ಟಿಯ ದ್ರಾಕ್ಷಿ ಚಪ್ಪರದಡಿ ಮುತ್ತುಕುಮಾರ್ ಗೊಂಚಲು ಕತ್ತರಿಸುತ್ತಿದ್ದ. ಮೀಸೆ ಬಸ್ಸಿಳಿದದ್ದೇ ತಡ, ಹಿಂದೆ ಜನ, ಜನರ ಕೈಯಲ್ಲಿ ಫೋನು. ತಂಗವೇಲ್ ಶಲ್ಯ ಕೊಡವಿ ಧಾರಾವಾಹಿಯ ಧಾಟಿಯಲ್ಲಿ ಮಾತು ಶುರುಮಾಡಿದ. ಮುತ್ತುಕುಮಾರ್ ಕೂಡಲೇ ಪಂಚೆ ಎತ್ತಿ ಕಟ್ಟಿದ, ಕಣ್ಣು ಅಗಲಿಸಿದ. “ತೀರ್ಪು ಯೋಳು ಯಜಮಾನಾ! ತಾಯಿಮಾಮ ನಾನೋ ನೀನೋ?”

ತಂಗವೇಲ್‌ಗೆ ಇಂಥ ದೃಶ್ಯ ಬಾಯಿಪಾಠ: ಈಗ ತಾನು ದಂಡ ಹಾಕಬೇಕು, ಎದುರಾಳಿ ತಲೆಯೆತ್ತಿಕೊಂಡು ಹೊರಟುಹೋಗಬೇಕು. ಮುತ್ತುಕುಮಾರ್ ಹಾಗೆ ಹೊರಟುಹೋದರೆ ನಾಳೆ ಮಗುವಿಗೆ ಮಡಿಲಿಲ್ಲ. ತಾವಿಬ್ಬರೂ ಜನರ ಫೋನುಗಳಲ್ಲಿ ಕಾಣಲೆಂದು ಜಗಳವಾಡುತ್ತಿದ್ದೇವೆಂದು ಅವನಿಗೆ ಹೊಳೆಯಿತು. ಮೀಸೆಗೆ ಕೈಹಾಕಿ ಎಳೆದ. ಹಾಳಾದ ಅಂಟು, ಚರ್ಮವೂ ಸ್ವಲ್ಪ ಬಂತು, ಕಣ್ಣಲ್ಲಿ ನೀರೂ ಬಂತು.

“ಆಹಾ, ಏನ್ ನಡಿಪು!” ಎಂದು ಜನ ಅವನ ನಟನೆಗೆ ತಲೆದೂಗಿತು.

“ನಡಿಪಲ್ಲ ಕಣ್ರಪ್ಪಾ, ಉರಿ!” ಎಂದು ತಂಗವೇಲ್ ತುಟಿ ಒತ್ತಿಕೊಂಡ. ಆಮೇಲೆ ತನ್ನದೇ ಕೀರಲು ದನಿಯಲ್ಲಿ, “ತಂಬಿ, ನಂಗೆ ಅಕ್ಕತಂಗೀರಿಲ್ಲ. ನನ್ ಮಡಿಲ್ನಾಗ ಯಾವ ಕೂಸ್ಗೂ ಕಿವಿ ಚುಚ್ಚಿಲ್ಲ. ಆ ಜಾಗದಾಗೆ ನನ್ ಪಟ ನೋಡಿ ಒಂದ್ಗಳಿಗೆ ಕುಸಿಯಾಯ್ತು, ಸುಳ್ ಯೋಳಾಕಿಲ್ಲ. ಆದ್ರೆ ಕೂಸ್ಗೆ ಪಟ ಬ್ಯಾಡ, ನೀ ಬೇಕು.”

ಮುತ್ತುಕುಮಾರ್ ಎತ್ತಿ ಕಟ್ಟಿದ್ದ ಪಂಚೆ ಇಳಿಸಿದ. ಹಿಂದಿನಿಂದ ಒಬ್ಬ, “ಅಣ್ಣಾ, ನನ್ ಪೋನು ಆಪಾಗಿತ್ತು, ಇನ್ನೊಂದ್ಕಿತ ಕೀಳ್ರೀ,” ಎಂದ. ಮುತ್ತುಕುಮಾರ್ ಕತ್ತರಿ ತೋರಿಸಿ ಅವನನ್ನು ಅಟ್ಟಿದ. ಹಿರಿಯನಿಗೆ ನೀರು ಕೊಟ್ಟು, “ಬತ್ತೀನಿ ದೊಡ್ಡಪ್ಪಾ. ಆ ಬ್ಯಾನರು ಮಾತ್ರ…” ಎಂದು ನಿಲ್ಲಿಸಿದ.

ಹೊಸದು ಮಾಡಿಸಲು ಹೊತ್ತಿರಲಿಲ್ಲ. ಬೆಳಿಗ್ಗೆ ತಂಗವೇಲ್ ಬಾಳೆಗೊನೆ ಕಡಿಯುವ ಕತ್ತಿಯಿಂದ ಫ್ಲೆಕ್ಸಿನಲ್ಲಿದ್ದ ತನ್ನ ಮುಖವನ್ನು ತಾನೇ ದುಂಡಗೆ ಕೊಯ್ದುಹಾಕಿದ. ಟಿ.ವಿ.ಯಲ್ಲಿ ಒಂದು ಸಲ ತಲೆ ಕಾಣಿಸಿಕೊಂಡವರು ಆಮೇಲೆ ಹೊಲಕ್ಕೂ ಪೌಡರ್ ಹಾಕಿಕೊಂಡು ಹೋಗುವುದನ್ನು ಕಂಡವರಿಗೆ ಗೊತ್ತು, ಅದು ಸಣ್ಣ ಕೆಲಸವಲ್ಲ. ಬಂದ ನೆಂಟರೆಲ್ಲ ಆ ತೂತಿನಲ್ಲಿ ತಲೆ ತೂರಿಸಿ, ರೇಷ್ಮೆ ಶಲ್ಯದ ಯಜಮಾನರಾಗಿ ಫೋಟೊ ತೆಗೆಸಿಕೊಳ್ಳಲು ಸಾಲುಗಟ್ಟಿದರು. ತಂಗವೇಲ್ ಆ ಕಡೆ ತಿರುಗಿಯೂ ನೋಡದೆ ಚಾಪೆಯ ಪಕ್ಕದಲ್ಲಿ ಮಗುವಿನ ಕೈ ಹಿಡಿದು ಕೂತಿದ್ದ.

ಮುತ್ತುಕುಮಾರನ ಮಡಿಲಲ್ಲಿ ಮಗು, ಅಕ್ಕಸಾಲಿ ಆಚಾರಿ ಚುಚ್ಚಿಯೇಬಿಟ್ಟ. ಮಗು ಊರು ಹಾರಿಹೋಗುವಂತೆ ಕಿರುಚಿ, ಮಾವನ ಹೊಸ ಪಂಚೆಯನ್ನು ಪೂರ್ತಿ ಒದ್ದೆ ಮಾಡಿತು.

ಫ್ಲೆಕ್ಸಿನ ಕಡೆಯಿಂದ ಫೋಟೊಗ್ರಾಫರ್ ಓಡಿಬಂದ. “ಅಯ್ಯೋ, ಸಿಕ್ಕಿಲ್ಲ! ಆಚಾರೀ, ಇನ್ನೊಂದ್ಕಿತ!”

“ಇನ್ನೊಂದ್ಕಿತ ಬೇಕಾರೆ ನಿನ್ ಕಿವಿ ತಾ,” ಎಂದ ಮುತ್ತುಕುಮಾರ್, ಒದ್ದೆ ಪಂಚೆಯಲ್ಲಿ ಕದಲದೆ ಕೂತೇ.