ಹೊಂದದಿರಲಿ ಎಂಬ ಪ್ರಾರ್ಥನೆ

ಟೈಲರಕ್ಕನ ಬಾಯಿಗೆ ಹೆದರದವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಅಳತೆ ಕೊಡಲು ಬಂದವರು ಹೊಟ್ಟೆ ಒಳಗೆಳೆದುಕೊಂಡು ನಿಂತರೆ ಉಸಿರು ಬಿಡುವವರೆಗೂ ಟೇಪು ಹಿಡಿದೇ ಕಾಯುತ್ತಿದ್ದಳು. ಇಲ್ಲದ ಸೊಂಟಕ್ಕೆ ತಾನು ಹೊಲಿಯುವುದಿಲ್ಲ ಎಂದು ಮುಖಕ್ಕೆ ಹೊಡೆದಂತೆ ಹೇಳುತ್ತಿದ್ದಳು. ಅಂಥವಳು ಈಗ ಕೆಲವು ವಾರಗಳಿಂದ ಬಾಯಿಗೆ ಬೀಗ ಹಾಕಿಕೊಂಡು, ರವಿಕೆಯ ಎಡತೋಳನ್ನು ಬಲಕ್ಕೆ ಹೊಲಿದು ಮತ್ತೆ ಬಿಚ್ಚುತ್ತ ಕೂತಿದ್ದಳು. ತಮ್ಮನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಮನೆಯಲ್ಲಿ ರಕ್ತದ ಗುಂಪು ಹೊಂದಿದ್ದು ಇವಳೊಬ್ಬಳದೇ.

ತಮ್ಮ ಗೋಡೆಗೆ ಬಣ್ಣ ಹೊಡೆಯುವವನು. ಅಮ್ಮ ತೀರಿಕೊಂಡಾಗ ಅವನಿನ್ನೂ ಅಂಬೆಗಾಲಿಡುತ್ತಿದ್ದ. ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಇವಳೇ. ಏಣಿಯ ಮೇಲೆ ನಿಂತು ಇಡೀ ಬೀದಿಗೆ ಕೇಳುವಂತೆ ಸ್ತುತಿಗೀತೆ ಹಾಡುತ್ತಿದ್ದವನು ಈಗ ದಿನ ಬಿಟ್ಟು ದಿನ ಆಸ್ಪತ್ರೆಯ ಯಂತ್ರಕ್ಕೆ ತೋಳು ಕೊಟ್ಟು ಮಲಗುತ್ತಿದ್ದ. ಬಹಳ ಕಾಲ ಅವನ ಮೈ ಅದನ್ನು ತಾಳದು ಎಂದಿದ್ದರು ಡಾಕ್ಟರು. ಇಷ್ಟಾದರೂ ಅವನು ಅಕ್ಕನನ್ನು ಒಂದು ಮಾತು ಕೇಳಿರಲಿಲ್ಲ. ಅದೇ ಅವಳಿಗೆ ಉರಿಯುತ್ತಿತ್ತು. ಕೊಟ್ಟೇ ಕೊಡುತ್ತಾಳೆ ಎಂಬ ಧಿಮಾಕೇ ಇವನಿಗೆ? ಕೇಳಿದ್ದರೆ ಬೈದಾದರೂ ಕೊಡಬಹುದಿತ್ತು.

ಗಂಡನನ್ನು ಕೇಳಿದರೆ ನಿನ್ನಿಷ್ಟ ಎಂದು ಪೇಪರಿನ ಹಿಂದೆ ಅಡಗಿದ. ತನ್ನಿಷ್ಟ ಯಾವುದೆಂದು ಗೊತ್ತಿದ್ದರೆ ಈ ಮಹಾರಾಯನನ್ನು ಯಾಕೆ ಕೇಳುತ್ತಿದ್ದಳು? ಸತ್ಯ ಹೇಳಬೇಕೆಂದರೆ ಅವಳಿಗೆ ಜೀವಭಯ. ದಿನಾ ಮಂಡಿಯೂರಿ, ತಮ್ಮನನ್ನು ಉಳಿಸಪ್ಪ ತಂದೆ ಎಂದು ಗಟ್ಟಿಯಾಗಿ ಹೇಳಿ, ಆಮೇಲೆ ದೇವರೊಬ್ಬನಿಗೇ ಕೇಳುವಂತೆ, ಉಳಿದ ಪರೀಕ್ಷೆಗಳಲ್ಲಿ ನನ್ನದು ಹೊಂದದಿರಲಿ ಎಂದು ಸೇರಿಸುತ್ತಿದ್ದಳು. ಅದಾದ ಮೇಲೆ ಆಮೆನ್ ಅನ್ನಲು ನಾಚಿಕೆಯಾಗುತ್ತಿತ್ತು.

ಪಾದ್ರಿಗಳ ಬಳಿ ಹೋದಳು. ಯೇಸುಸ್ವಾಮಿಯ ಪ್ರಾಣವನ್ನು ಯಾರೂ ಕಸಿದುಕೊಳ್ಳಲಿಲ್ಲ, ತಾನಾಗಿ ಕೊಟ್ಟ, ಅದಕ್ಕೇ ಅದು ಬಲಿ ಎಂದು ಅವರು ಹೇಳಿದರು. ಹಾಗಾದರೆ ಶಿಲುಬೆಗೇರುವ ಹಿಂದಿನ ರಾತ್ರಿ ತೋಟದಲ್ಲಿ ಬೆವರಿಳಿಸುತ್ತ, ಆಗುವುದಾದರೆ ಇದು ತಪ್ಪಲಿ ಎಂದು ಬೇಡಿದ್ದು ಯಾಕೆ ಎಂದು ಇವಳು ಕೇಳಿದಳು. ಪಾದ್ರಿಗಳು ಕನ್ನಡಕ ತೆಗೆದು ಒರೆಸಿದರು. ಅದು ಅವರಿಗೂ ಪೂರ್ತಿ ತಿಳಿದಿಲ್ಲವಂತೆ. ಸರಿ, ಪುನರುತ್ಥಾನದ ದಿನ ಸತ್ತ ನಾವಿಬ್ಬರೂ ಎದ್ದಾಗ ಆ ಕಿಡ್ನಿ ಯಾರ ಪಾಲಿಗೆ ಎಂದಳು. ಅವರು ನಕ್ಕುಬಿಟ್ಟರು, ಜೀವವನ್ನೇ ಕೊಡುವವನಿಗೆ ಒಂದು ಕಿಡ್ನಿ ಕೊಡುವುದು ಕಷ್ಟವೇನಮ್ಮ, ನಂಬು ಎಂದರು. ಹೋಗುವಾಗ ಒಂದು ಗೊಂದಲವಿತ್ತು, ಬರುವಾಗ ಮೂರಾಗಿದ್ದವು.

ಆ ಆಸ್ಪತ್ರೆಯಲ್ಲಿ ಒಂದು ಪದ್ಧತಿ. ಕೊಡುವವರನ್ನು ಮನೆಯವರಿಂದ ಬೇರೆ ಮಾಡಿ, ಬಾಗಿಲು ಹಾಕಿ, ಒಬ್ಬರನ್ನೇ ಕೂರಿಸಿ ಕೇಳುತ್ತಾರೆ. ಎಲ್ಲ ಪರೀಕ್ಷೆಯೂ ಹೊಂದಿದೆ ಎಂದು ಡಾಕ್ಟರಮ್ಮ ಹೇಳಿದಾಗ ಅಕ್ಕನ ನಾಲಿಗೆ ಒಣಗಿತು. ಮನಸ್ಸಿಲ್ಲದಿದ್ದರೆ ಬೇಡ, ಹೊರಗಿರುವವರಿಗೆ ಹೊಂದಲಿಲ್ಲ ಎಂದಷ್ಟೇ ಹೇಳುತ್ತೇವೆ, ಯಾರಿಗೂ ಗೊತ್ತಾಗುವುದಿಲ್ಲ ಎಂದರು ಆಕೆ. ಹೂಂ, ಹಾಗೇ ಹೇಳಿಬಿಡಿ ಅಂದರೆ ಮುಗಿಯಿತು. ಅವಳಿಗೆ ಹೂಂ ಅನ್ನಲೂ ಆಗಲಿಲ್ಲ, ಊಹೂಂ ಅನ್ನಲೂ ಆಗಲಿಲ್ಲ. ನೀರು ಕುಡಿದು ಬರುತ್ತೇನೆಂದು ಎದ್ದಳು.

ಹೊರಗೆ ಬೆಂಚಿನ ಮೇಲೆ ತಮ್ಮ ಕೂತಿದ್ದ. ಊದಿದ ಕಾಲಿಗೆ ಹಿಡಿಸದ ಚಪ್ಪಲಿಯನ್ನು ಪಕ್ಕಕ್ಕೆ ಬಿಟ್ಟಿದ್ದ. ಅಕ್ಕನ ಬಿಳುಚಿದ ಮುಖ ನೋಡಿ ತಾನೇ ಏನೋ ಅರ್ಥ ಮಾಡಿಕೊಂಡ.

"ಹೊಂದಲಿಲ್ವಾ? ಒಳ್ಳೇದಾಯ್ತು ಬಿಡಕ್ಕ. ಹೊಂದೋದು ಬೇಡ ಅಂತ ನಾನೇ ದಿನಾ ದೇವರ ಹತ್ರ ಕೇಳ್ಕೋತಿದ್ದೆ. ನಿನ್ನ ಕೊಯ್ಸಿ ನಾನು ಬದುಕೋದಾ? ಹೋದ್ರೆ ಹೋಗ್ತೀನಿ. ಎಬ್ಬಿಸೋನು ಇದಾನಲ್ಲ."

ಹೇಳುವಾಗ ಅವನ ತುಟಿ ಅದುರುತ್ತಿತ್ತು. ಅವನಿಗೂ ಭಯವೇ. ಇಬ್ಬರೂ ಬೇಡಿದ್ದು ಒಂದನ್ನೇ. ಇವಳು ತನ್ನನ್ನು ಉಳಿಸಿಕೊಳ್ಳಲು, ಅವನು ಇವಳನ್ನು ಉಳಿಸಲು. ದೇವರು ಇಬ್ಬರ ಮಾತನ್ನೂ ನಡೆಸಿಕೊಟ್ಟಿರಲಿಲ್ಲ. ಯಾಕೆ ಎಂಬುದು ಅವಳ ತಲೆಗೆ ಹೋಗಲೇ ಇಲ್ಲ. ಬಾಯಿಬಿಟ್ಟು ಕೇಳಲಿಲ್ಲವೆಂದು ಈ ಹುಡುಗನ ಮೇಲೆ ಇಷ್ಟು ದಿನ ಹಲ್ಲು ಕಡಿದೆನಲ್ಲ ಎಂದು ಮಾತ್ರ ಅನ್ನಿಸಿತು.

ತಿರುಗಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಕುರ್ಚಿಯನ್ನು ಹಿಡಿದುಕೊಂಡೇ ಮಾತಾಡಿದಳು.

"ನಂಗೆ ತುಂಬಾ ಹೆದರಿಕೆ ಇದೆ ಡಾಕ್ಟ್ರಮ್ಮ. ಅದು ಹೋಗೋ ಹಾಗೆ ಕಾಣಲ್ಲ. ಹೋಗ್ಲಿ ಅಂತ ನೀವು ಕಾಯಬೇಡಿ. ತಗೊಳ್ಳಿ."