ಕಪ್ಪು ಪಟ್ಟಿಗಳ ನಡುವೆ ಅಕ್ಕ

ಚಿಂತಾಮಣಿಯ ನಮ್ಮ ಅಪ್ಪನ ಮನೆಗೆ ಅಗಲವಾದ ಹೊಸ ಟಿವಿ ಬಂದ ಮೇಲೆ ನಾನೂ ಅಮ್ಮನೂ ಜಗಳ ಆಡದ ಭಾನುವಾರವೇ ಇರಲಿಲ್ಲ. ಧಾರಾವಾಹಿಗಲ್ಲ, ಚಾನೆಲ್ಲಿಗಲ್ಲ. ಚಿತ್ರ ಪರದೆ ತುಂಬ ಇರಬೇಕೋ, ತೆಗೆದ ಅಳತೆಯಲ್ಲೇ ಇರಬೇಕೋ ಅನ್ನೋದಕ್ಕೆ. ಕೇಳಿದವರು ನಗ್ತಾರೆ. ನಗಲಿ. ಆ ಚಿತ್ರದಲ್ಲಿರೋದು ನಮ್ಮಕ್ಕ, ಅವಳು ಈಗ ಇಲ್ಲ.

ಅದು ನನ್ನ ಮದುವೆಯ ವಿಡಿಯೋ. ಮನೆಮನೆಯಲ್ಲೂ ಡಬ್ಬದಂಥ ಟಿವಿ ಇದ್ದ ಕಾಲದ್ದು, ಹೆಚ್ಚುಕಡಿಮೆ ಚೌಕವಾಗಿ ತೆಗೆದದ್ದು. ಅಕ್ಕ ಹೋದ ಮೇಲೆ ಅಮ್ಮ ಆ ಸಿ.ಡಿ.ಗಳನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ಸೇರಿಸಿಟ್ಟಳು. ಯಾರೂ ಕೇಳಲಿಲ್ಲ, ಅವಳೂ ತೆಗೆಯಲಿಲ್ಲ. ಹೊಸ ಟಿವಿ ಬಂದ ವಾರ ತಾನಾಗಿಯೇ ತೆಗೆದು ನನ್ನ ಕೈಗಿಟ್ಟು, "ಇದನ್ನ ಪೆನ್‌ಡ್ರೈವಿಗೆ ಹಾಕಿಸ್ಕೊಂಡು ಬಾರಮ್ಮ, ಒಂದ್ಸಲ ನೋಡಣ" ಅಂದಳು. ಬಸ್‌ಸ್ಟಾಂಡ್ ಹತ್ತಿರದ ಸ್ಟುಡಿಯೋದಲ್ಲಿ ಹಾಕಿಸಿಕೊಂಡು ಬಂದೆ.

ಹಾಕಿದ ಕೂಡಲೇ ಎರಡೂ ಪಕ್ಕ ಕಪ್ಪು ಪಟ್ಟಿ, ನಡುವೆ ನಮ್ಮ ಮದುವೆ. ತರಕಾರಿ ಮಂಡಿಯಲ್ಲೇ ಆಯಸ್ಸು ಕಳೆದ ಅಪ್ಪನಿಗೆ ಅದು ಸರಿಬೀಳಲಿಲ್ಲ. "ಇದೇನಮ್ಮ, ಅರ್ಧ ಖಾಲಿ ಕ್ರೇಟು ತಂದಿಟ್ಟಂಗಿದೆ! ತುಂಬ ಬರೋ ಹಂಗೆ ಮಾಡು" ಅಂತ ರಿಮೋಟ್ ಕಿತ್ತುಕೊಂಡು ಏನೋ ಒತ್ತಿದ. ಚಿತ್ರ ಎಳೆದುಕೊಂಡು ಪರದೆ ತುಂಬಿತು. ಪುರೋಹಿತರು ಕುಳ್ಳಗಾದರು, ನನ್ನ ಗಂಡ ಅಗಲವಾದರು, ನಾನಂತೂ ಗುಡಾಣವಾದೆ. ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಅಕ್ಕ ಬಂದಳು.

ಕಳಶಗಿತ್ತಿ ಅವಳೇ. ನನ್ನ ಹಿಂದೆ ಕಳಶ ಹಿಡಿದು ನಿಂತಿದ್ದಳು. ಕೆನ್ನೆ ತುಂಬಿತ್ತು. ತೋಳು ಗುಂಡಗಿತ್ತು. ಅಮ್ಮ "ಅಯ್ಯೋ, ನಾ ಬಂಗಾರು ತಲ್ಲಿ" ಅಂದಳು, ನನ್ನ ಚಿನ್ನದಂಥ ತಾಯಿ ಅಂತ. ಆಂಧ್ರದ ಗಡಿ ಕಡೆಯವಳು, ಸಂಕಟಕ್ಕೂ ಸಂತೋಷಕ್ಕೂ ಅವಳ ಬಾಯಿಗೆ ಮೊದಲು ತೆಲುಗೇ ಬರೋದು.

ನನಗೆ ಮಾತ್ರ ಮೈಯೆಲ್ಲ ಉರಿಯಿತು. ನಾನು ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ಅಳತೆ ತಪ್ಪಿದರೆ ಅದು ಬೇರೆ ಯಾರದೋ ಮುಖ ಅಂತ ಮಕ್ಕಳಿಗೆ ಹೇಳಿ ಹೇಳಿ ಬಾಯಿ ಒಣಗಿದೆ. ಅಲ್ಲಿ ನಿಂತಿದ್ದವಳು ನಮ್ಮಕ್ಕ ಅಲ್ಲ. ನಮ್ಮಕ್ಕ ಕಡ್ಡಿಯಾಗಿದ್ದಳು. ಆ ಹೊತ್ತಿಗೆ ಕಾಯಿಲೆ ಅವಳನ್ನು ಅರ್ಧ ತಿಂದಿತ್ತು. ನನ್ನ ಮದುವೆ ಅವಸರದಲ್ಲಿ ಆದದ್ದೇ ಅದಕ್ಕೆ. "ನನ್ನ ಕಣ್ಣೆದುರಿಗೆ ಇವಳದ್ದಾದ್ರೂ ಆಗ್ಲಿ" ಅಂತ ಹಟ ಹಿಡಿದವಳು ಅವಳೇ. ದೊಡ್ಡವಳನ್ನು ಬಿಟ್ಟು ಚಿಕ್ಕವಳಿಗೆ ಯಾಕೆ ಮಾಡ್ತಿದಾರೆ ಅಂತ ಗಂಡಿನ ಕಡೆಯವರು ಗುಸುಗುಸು ಅನ್ನಬಾರದು ನೋಡಿ, ಅಮ್ಮ ಆವತ್ತು ಬೆಳಗ್ಗೆ ಅಕ್ಕನಿಗೆ ರವಿಕೆಯ ಒಳಗೆ ಇನ್ನೊಂದು ರವಿಕೆ ತೊಡಿಸಿದಳು. ಸೊಂಟಕ್ಕೆ ಟವೆಲ್ ಸುತ್ತಿ, ಅದರ ಮೇಲೆ ದಪ್ಪ ಜರಿಯ ರೇಷ್ಮೆ ಸೀರೆ ಉಡಿಸಿದಳು. ಕೇಳಿದವರಿಗೆಲ್ಲ "ಡಯಟ್ ಮಾಡ್ತಾಳೆ, ಈಗಿನ ಹುಡುಗೀರು ಎಲ್ಲಿ ಮಾತು ಕೇಳ್ತಾರೆ" ಅಂತ ನಗುನಗುತ್ತಾ ಹೇಳಿದಳು. ಮದುವೆಯಾದ ಮೊದಲ ಯುಗಾದಿಗೆ ನಾನು ತೌರಿಗೆ ಬರೋ ಹೊತ್ತಿಗೆ ಅಕ್ಕ ಇರಲಿಲ್ಲ.

ನನಗೆ ಬೇಕಾಗಿದ್ದದ್ದು ಆ ಒಣಗಿದ ಅಕ್ಕನೇ. ಆ ಕಡ್ಡಿ ಕೈಯೇ ಆವತ್ತು ನನಗೆ ಮೊಗ್ಗಿನ ಜಡೆ ಹಾಕಿದ್ದು. ಆ ಗುಳಿಬಿದ್ದ ಮುಖವೇ ಧಾರೆಯ ಹೊತ್ತಿನಲ್ಲಿ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ್ದು. ಅದನ್ನೂ ಟಿವಿ ಬದಲಾಯಿಸಿಬಿಟ್ಟರೆ ನನಗೆ ಉಳಿಯೋದೇನು?

"ಅವಳು ಹಿಂಗಿರ್ಲಿಲ್ಲಮ್ಮ" ಅಂತ ರಿಮೋಟ್ ತಗೊಂಡು ಹಳೇ ಅಳತೆಗೆ ಹಾಕಿದೆ.

"ತಿರಗಾ ಹಾಕು" ಅಂದಳು ಅಮ್ಮ.

"ಹಾಕಲ್ಲ."

"ಹಾಕೇ!"

ಅಲ್ಲಿಂದ ಶುರು. ನಾನು ವಾರವಾರ ಶಿಡ್ಲಘಟ್ಟದಿಂದ ಬಂದು ನೋಡಿದರೆ ಅಕ್ಕ ಅಗಲವಾಗಿ ನಿಂತಿರೋಳು. ನಾನು ಸರಿ ಮಾಡೋದು, ಕೈಕಾಲು ತೊಳೆದು ಬರುವಷ್ಟರಲ್ಲಿ ಅಮ್ಮ ಮತ್ತೆ ಅಗಲ ಮಾಡಿರೋದು. ಫೋನಿನಲ್ಲಿ ಯಾರ ಹೆಸರು ಬಂತು ಅಂತ ನೋಡೋಕೂ ಕನ್ನಡಕ ಹುಡುಕುವ ಹೆಂಗಸು, ಆ ಬಟನ್ ಮಾತ್ರ ಕಣ್ಣು ಮುಚ್ಚಿಕೊಂಡು ಒತ್ತುತ್ತಿದ್ದಳು. ನನಗೋ ಮೂಗಿನ ತುದೀಲೇ ಕೋಪ. ಬಂದದ್ದಕ್ಕೆ ಒಂದು ಲೋಟ ಕಾಫಿ ಕುಡಿಯುವ ಮೊದಲೇ ಮುಖ ಊದಿಸಿಕೊಂಡು ಕೂರುತ್ತಿದ್ದೆ.

ನನ್ನ ಗಂಡ ರೇಷ್ಮೆ ವ್ಯಾಪಾರದವರು, ರಾಜಿ ಮಾಡಿಸೋದರಲ್ಲಿ ಎತ್ತಿದ ಕೈ. ಒಂದು ಸಲ ಜೊತೆಗೆ ಬಂದವರು, "ಎರಡೂ ಬೇಡ ಅತ್ತೆ, ಜೂಮ್ ಮಾಡಣ. ಪರದೇನೂ ತುಂಬ್ತದೆ, ಯಾರೂ ದಪ್ಪ ಆಗಲ್ಲ" ಅಂದರು. ಮಾಡಿದರು. ಚಿತ್ರ ಮೇಲೂ ಕೆಳಗೂ ಕತ್ತರಿಸಿ ಹೋಯಿತು. ಹಿಂದೆ ನಿಂತಿದ್ದ ಅಕ್ಕನ ತಲೆ ಇಲ್ಲ. ಕತ್ತಿನಿಂದ ಕೆಳಗೆ ಸೀರೆ, ಕೈಯಲ್ಲಿ ಕಳಶ. "ತೆಗೀರಿ, ಮೊದ್ಲು ಅದನ್ನ ತೆಗೀರಿ" ಅಂತ ಅಮ್ಮ ಕಿರುಚಿದ ರೀತಿಗೆ ಅವರ ಕೈಯಿಂದ ರಿಮೋಟ್ ಬಿದ್ದೇಹೋಯಿತು. ಆಮೇಲೆ ಅವರು ಈ ತಂಟೆಗೆ ಬರಲಿಲ್ಲ.

ಈ ಸಲ ಅಕ್ಕನಿಗೆ ಎಡೆ ಇಟ್ಟ ದಿನ ಮಾತು ಮಿತಿಮೀರಿತು. ಅವಳಿಗೆ ಇಷ್ಟವಾದ ಹಿತಕಿದಬೇಳೆ ಸಾರು, ಒಬ್ಬಟ್ಟು, ಹಪ್ಪಳ ಎಲ್ಲ ಎಲೆಗೆ ಬಡಿಸಿ ಕೈಮುಗಿದೆವು. ಮುಗಿದದ್ದೇ ತಡ, ಅಮ್ಮ ಟಿವಿ ಹಾಕಿದಳು. ಅದೇ ಉಬ್ಬಿದ ಮುಖ. ನಾನು ತಡಕೊಳ್ಳಲಿಲ್ಲ. ರಿಮೋಟ್ ಕಿತ್ತುಕೊಂಡು ಅಳತೆ ಸರಿ ಮಾಡಿ, "ಇವತ್ತಾದ್ರೂ ಅವಳನ್ನ ಅವಳಂಗೇ ಬಿಡಮ್ಮ. ಸುಳ್ಳು ಮುಖ ನೋಡ್ಕೊಂಡು ಏನು ಸುಖ? ಅಕ್ಕ ಹೆಂಗಿದ್ಲು ಅನ್ನೋದೇ ಮರೆತೋಯ್ತಾ ನಿಂಗೆ?" ಅಂದೆ.

ಅಮ್ಮ ಎದ್ದು ಅಡುಗೆಮನೆಗೆ ಹೋದಳು. ನಾನೂ ಹಿಂದೆ ಹೋದೆ. ಸಿಂಕಿನ ಮುಂದೆ ನಿಂತು ಪಾತ್ರೆಗೆ ನೀರು ಬಿಟ್ಟಿದ್ದಳು.

"ಮರೆಯೋದಾ?" ಅಂದಳು, ನನ್ನ ಕಡೆ ತಿರುಗದೆ. "ನೀನು ಕಂಡಿದ್ದು ಸೀರೆ ಉಟ್ಟ ಮೇಲೆ. ದಿನಾ ಸ್ನಾನ ಮಾಡಿಸಿದೋಳು ನಾನು. ಯಾವ ಮೂಳೆ ಎಲ್ಲಿ ಎದ್ದಿತ್ತು ಅಂತ ಈ ಕೈಗೆ ಗೊತ್ತು. ನಿಜ ಏನೂಂತ ನೀನು ನನಗೆ ಪಾಠ ಹೇಳ್ತೀಯಾ?"

ಒಂದು ಪಾತ್ರೆ ಎತ್ತಿ ಉಜ್ಜುತ್ತಾ ಮತ್ತೆ ಅಂದಳು.

"ಮೊಟ್ಟೆ ಅಂದ್ರು, ತಿನ್ನಿಸ್ದೆ. ರಾಗಿ ಗಂಜಿ ಅಂದ್ರು, ಕುಡಿಸ್ದೆ. ಮುರುಗಮಲ್ಲದ ದರ್ಗಾಕ್ಕೆ ಹೋಗಿ ಸಕ್ಕರೆ ಓದಿಸ್ಕೊಂಡು ಬಂದು ನಾಲಿಗೆಗೆ ಇಟ್ಟೆ. ಒಂದು ತುತ್ತೂ ಮೈಗೆ ಹತ್ತಲಿಲ್ಲ ಕಣೇ. ಆ ಟಿವೀಲಿ ಹತ್ತಿದೆ. ಅಷ್ಟೇ ನಾನು ನೋಡೋದು. ಬಿಟ್ಬಿಡೇ ನನ್ನ."

ನಾನು ಹಾಲಿಗೆ ವಾಪಸು ಬಂದೆ. ಅಪ್ಪ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿದ್ದ, ಅವನಿಗೆ ಎಲ್ಲ ಕೇಳಿಸಿತ್ತು. ರಿಮೋಟ್ ತಗೊಂಡು ಒತ್ತಿದೆ. ಕಪ್ಪು ಪಟ್ಟಿಗಳು ಹೋದವು. ಅಕ್ಕ ಅಗಲವಾದಳು, ಕೆನ್ನೆ ತುಂಬಿಕೊಂಡಿತು. ಅಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಬಂದು ನನ್ನ ಪಕ್ಕ ಕೂತಳು.

"ಮೈಕೈ ತುಂಬ್ಕೊಂಡು ಎಷ್ಟು ಲಕ್ಷಣವಾಗಿದಾಳೆ, ಅಲ್ವಾ?"

"ಹೂಂ ಅಮ್ಮ" ಅಂದೆ. "ಚೆನ್ನಾಗಿದಾಳೆ."

ಕಳಶ ಭಾರದ್ದು, ಅಕ್ಕನ ಕೈ ನಡುಗುತ್ತಿತ್ತು. ಅಗಲ ಮಾಡಿದರೂ ಅದು ನಡುಗುತ್ತದೆ, ಕಿರಿದು ಮಾಡಿದರೂ ನಡುಗುತ್ತದೆ. ಅಮ್ಮ ಟಿವಿಯಿಂದ ಕಣ್ಣು ತೆಗೆಯದೆ ನನ್ನ ಕೈ ಹುಡುಕಿ ಹಿಡಿದುಕೊಂಡಳು, ಅಕ್ಕ ಕಳಶ ಕೆಳಗಿಡುವವರೆಗೂ ಬಿಡಲಿಲ್ಲ.