ಸಾರ್ವಜನಿಕ ಆಡಳಿತ ಓದಿದವರು

ಮದುವೆ ಮನೆಗಳಲ್ಲಿ ಯಾರಾದರೂ ವಿಚಾರಿಸಿದಾಗ, ನಾನು ಓದಿದ್ದು ಸಾರ್ವಜನಿಕ ಆಡಳಿತ ಎಂದರೆ ಎದುರಿಗಿದ್ದವರು ತುಸು ನೆಟ್ಟಗೆ ಕೂರುತ್ತಿದ್ದರು. ತಹಸೀಲ್ದಾರನೋ, ಕಡೇಪಕ್ಷ ಪಿಡಿಒ ಇರಬಹುದೇನೋ ಎಂಬ ಅನುಮಾನ. ಮೂಡಿಗೆರೆಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕ ಎಂದ ಕೂಡಲೇ ಮತ್ತೆ ಒರಗಿಕೊಳ್ಳುತ್ತಿದ್ದರು. ಅವರದೇನೂ ತಪ್ಪಿಲ್ಲ. ಎಂ.ಎ. ಮುಗಿಸಿದಾಗ ನಾನೂ ಹಾಗೆಯೇ ನೆಟ್ಟಗೆ ನಡೆಯುತ್ತಿದ್ದವನು. ಆಡಳಿತ ನನ್ನ ಪಾಲಿಗೆ ಬರಲಿಲ್ಲ, ಸಾರ್ವಜನಿಕನಾಗಿಯೇ ಉಳಿದೆ.

ನನ್ನ ವಿದ್ಯಾರ್ಥಿಗಳ ಕಥೆಯೂ ಬಹುತೇಕ ಇದೇ. ಒಬ್ಬ ಕಳಸದಲ್ಲಿ ಜೀಪ್ ಓಡಿಸುತ್ತಾನೆ. ಇನ್ನೊಬ್ಬ ಅತ್ತಿಗುಂಡಿಯ ಹೋಂಸ್ಟೇಯಲ್ಲಿ ಪ್ರವಾಸಿಗರಿಗೆ ಬಿಸಿನೀರು ಬಂತೇ ಎಂದು ವಿಚಾರಿಸಿಕೊಳ್ಳುತ್ತಾನೆ. ಅಧಿಕಾರಶಾಹಿಯ ಲಕ್ಷಣಗಳನ್ನು ಅವರೆಲ್ಲ ಹತ್ತು ಅಂಕಕ್ಕೆ ಚೆನ್ನಾಗಿಯೇ ಬರೆದವರು. ಪಾಸಾಗಲು ಅಷ್ಟು ಸಾಕಾಯಿತು, ಒಳಗೆ ಹೋಗಲು ಸಾಲಲಿಲ್ಲ.

ಈ ಸುದ್ದಿ ಹೇಗೋ ಊರೂರಿಗೆ ತಲುಪಿರಬೇಕು. ಕಳೆದ ವರ್ಷ ನನ್ನ ವಿಷಯ ಆರಿಸಿಕೊಂಡವಳು ಒಬ್ಬಳೇ, ಸುಚಿತ್ರಾ. ಕಳಸದ ಕಡೆಯ ಎಸ್ಟೇಟೊಂದರಲ್ಲಿ ದುಡಿಯುವ ಗಿರಿಜಮ್ಮನ ಮಗಳು. ಪ್ರಾಂಶುಪಾಲರು ನನ್ನನ್ನು ಕರೆದು, "ಒಬ್ಬಳಿಗೋಸ್ಕರ ವಿಷಯ ನಡ್ಸೋಕಾಗಲ್ಲ ಮಾರಾಯ್ರೆ, ಇತಿಹಾಸಕ್ಕೆ ಕಳ್ಸಿಬಿಡಿ" ಎಂದರು.

ನಾನು ಸುಚಿತ್ರಾಳಿಗೆ ಅದನ್ನೇ ಹೇಳಿದೆ. ಇದನ್ನು ಓದಿದವರ ಗತಿಯನ್ನೂ, ನನ್ನಿಂದಲೇ ಶುರುಮಾಡಿ, ಮುಚ್ಚಿಡದೆ ಹೇಳಿದೆ.

"ಆದ್ರೂ ನಂಗೆ ಇದೇ ಬೇಕು ಸರ್" ಎಂದಳು. "ರೇಷನ್ ಕಾರ್ಡ್ ಸರಿ ಮಾಡ್ಸೋಕೆ ಅಮ್ಮನ ಜೊತೆ ಅಲೆದಿದೀನಿ. ಯಾವ ಕಿಟಕೀಲಿ ಕೇಳ್ಬೇಕು ಅಂತಾನೂ ಯಾರೂ ಹೇಳ್ಲಿಲ್ಲ. ಒಳಗಡೆ ಏನ್ ನಡೆಯುತ್ತೆ ಅಂತ ತಿಳ್ಕೋಬೇಕು."

ನನ್ನ ವಿಷಯವನ್ನು ಯಾರೂ ಹೀಗೆ ಬಯಸಿ ಕೇಳಿರಲಿಲ್ಲ. ಉಬ್ಬಿಹೋದೆ. ಮೇಲಿನಿಂದ ಆದೇಶ ಬರುವವರೆಗೆ ಅವಳೊಬ್ಬಳಿಗೇ ಪಾಠ ಮಾಡಿದೆ. ಅಭ್ಯಾಸಬಲದಿಂದ ಖಾಲಿ ಬೆಂಚುಗಳ ಕಡೆಗೂ ನೋಡಿ "ಎಲ್ಲರಿಗೂ ಅರ್ಥವಾಯಿತೇ?" ಎನ್ನುತ್ತಿದ್ದೆ. ಅವಳು ಎಲ್ಲರ ಪರವಾಗಿ ತಲೆಯಾಡಿಸುತ್ತಿದ್ದಳು. ಕುಂದುಕೊರತೆ ನಿವಾರಣೆಯ ಅಧ್ಯಾಯ ಮುಗಿದ ಮಾರನೆಯ ದಿನ, ವಿಷಯ ಮುಚ್ಚಬಾರದೆಂದು ತಾನೇ ಒಂದು ಮನವಿ ಬರೆದು ತಂದಳು. ಪಾಠ ಹೇಳಿದವನಿಗೆ ಬೇಡ ಎನ್ನಲು ಬಾಯಿ ಬರಲಿಲ್ಲ.

ಗಿರಿಜಮ್ಮ ಆ ದಿನದ ಕೆಲಸ ಬಿಟ್ಟು ಮಗಳ ಜೊತೆ ಬಂದರು. ಮೂವರೂ ಬಸ್ಸು ಹತ್ತಿ ಚಿಕ್ಕಮಗಳೂರಿಗೆ ಹೋಗಿ, ಸಂಬಂಧಪಟ್ಟ ಕಚೇರಿ ಹುಡುಕಿದೆವು. ಮೇಜಿನ ಹಿಂದೆ ಇದ್ದವನು ನನ್ನ ಹಳೆಯ ವಿದ್ಯಾರ್ಥಿ ಪ್ರದೀಪ. ಅಲ್ಲಿ ಗುತ್ತಿಗೆ ನೌಕರ. ನಮ್ಮನ್ನು ಕಂಡವನೇ ಎದ್ದು, ಒಳಗಿನಿಂದ ಕುರ್ಚಿ ತಂದು ಎಲ್ಲರನ್ನೂ ಕೂರಿಸಿ, ಮನವಿಯನ್ನು ನಿಧಾನವಾಗಿ ಓದಿದ.

"ನೀವು ಪಾಠ ಮಾಡಿದ್ ಪ್ರಕಾರ ಇದನ್ನ ಮೇಲಕ್ಕೆ ಕಳಿಸ್ಬೇಕು ಸರ್, ಕಳಿಸ್ತೀನಿ" ಎಂದ. ಆಮೇಲೆ ದನಿ ತಗ್ಗಿಸಿದ. "ಇಲ್ಲಿ ಕೂತು ನಾನು ಕಲ್ತಿದ್ ಪ್ರಕಾರ ಮಾತ್ರ, ಇದು ಆಗಲ್ಲ. ಈ ಹುಡುಗೀನ ಬೇಗ ಇತಿಹಾಸಕ್ಕೆ ಸೇರ್ಸಿ. ತಡ ಆದ್ರೆ ಅಲ್ಲೂ ಕಷ್ಟ. ನನ್ದೂ ಮಾರ್ಚಿಗೆ ಮುಗಿಯುತ್ತೆ ಸರ್."

ಅವನು ಹೇಳಿದಂತೆಯೇ ಆಯಿತು. ಮನವಿಗೆ ಉತ್ತರ ಬರಲಿಲ್ಲ. ವಿಷಯ ಮುಚ್ಚುವ ಆದೇಶ ಬಂತು. ಸುಚಿತ್ರಾ ಇತಿಹಾಸಕ್ಕೆ ಹೋದಳು. ನನ್ನ ಪುಸ್ತಕ ಹಿಂದಿರುಗಿಸುವಾಗ ಅವಳು ಮುಖ ನೋಡಲಿಲ್ಲ, ನಾನೂ ನೋಡಲಿಲ್ಲ. ಈಗ ನಾನು ಚಿಕ್ಕಮಗಳೂರಿನ ಕಾಫಿ ಬೀಜ ಹದಮಾಡುವ ಕ್ಯೂರಿಂಗ್ ವರ್ಕ್ಸೊಂದರ ಗೇಟಿನಲ್ಲಿ ಲಾರಿಗಳನ್ನು ಸಾಲಾಗಿ ನಿಲ್ಲಿಸಿ ಒಳಗೆ ಬಿಡುತ್ತೇನೆ. ಅದೂ ಒಂದು ಬಗೆಯ ಆಡಳಿತವೇ ಎಂದು ಹೆಂಡತಿ ಸಮಾಧಾನ ಹೇಳುತ್ತಾಳೆ. ಲಾರಿ ಡ್ರೈವರುಗಳು ಇನ್ನೂ ಒಪ್ಪಿಲ್ಲ.

ಕಲಿಸಿದ್ದೆಲ್ಲ ದಂಡವಾಯಿತು ಎಂದು ಎಷ್ಟೋ ಸಲ ಅನ್ನಿಸುತ್ತದೆ. ಹಾಗನ್ನಿಸಿದಾಗ, ಮನವಿ ಕೊಟ್ಟ ದಿನ ಬಸ್‌ಸ್ಟ್ಯಾಂಡಿನಲ್ಲಿ ಗಿರಿಜಮ್ಮ ಆಡಿದ ಮಾತು ನೆನಪಿಗೆ ಬರುತ್ತದೆ. ಕಳಸದ ಬಸ್ಸು ಬಂದು ನಿಂತಾಗ ಅವರು ಕೇಳಿದರು:

"ಆ ಹುಡುಗ ನಿಮ್ಮತ್ರ ಓದಿದ್ದಾ ಸಾರ್?"

"ಹೌದಮ್ಮ."

"ಅದಕ್ಕೇ ಮತ್ತೆ. ನಾನೂ ಎಷ್ಟೋ ಆಫೀಸು ತಿರ್ಗಿದೀನಿ. ಆಗಲ್ಲ ಅಂತ ಎಲ್ರೂ ಹೇಳ್ತಾರೆ. ಕೂತ್ಕೊಳ್ಳಿ ಅಂದು ಆಮೇಲೆ ಆಗಲ್ಲ ಅಂದಿದ್ದು ಇವ್ನೊಬ್ನೇ."